ರಾಮಣ್ಣನ ಕ್ಯಾಮೆರಾದ ಮುಚ್ಚಳ

ಸುದರ್ಶನ್ ಕ್ಯಾಮೆರಾವನ್ನು ರಿಪೇರಿ ಅಂಗಡಿಯ ಟೇಬಲ್ಲಿನ ಮೇಲೆ ಕುಕ್ಕಿದ ರೀತಿಯಲ್ಲೇ ದಿವ್ಯಾಳಿಗೆ ಗೊತ್ತಾಯಿತು, ಇದು ರಿಪೇರಿಗೆ ಬಂದದ್ದಲ್ಲ, ಜಗಳಕ್ಕೆ ಬಂದದ್ದು.

"ನಮ್ ತಾತ ರಾಮಣ್ಣಂದು ಅಕ್ಕ. ನಿಮ್ಮಪ್ಪಾರು ಹೊಳೆನರಸೀಪುರದಲ್ಲಿ ಸ್ಟುಡಿಯೋ ಇಟ್ಟಿದ್ದಾಗ ರಿಪೇರಿಗೆ ಕೊಟ್ಟಿದ್ದು. ಬಿಚ್ಚಿ. ನನ್ ಮುಂದೇನೇ ಬಿಚ್ಚಿ."

ಹುಡುಗ ಅರಕಲಗೂಡಿನವನು, ಮದುವೆ ಫೋಟೋ ತೆಗೆಯುವವನು. ತಾತನ ಕಾಲದ ಈ ಫಿಲ್ಮ್ ಕ್ಯಾಮೆರಾದ್ದೇ ಫೋಟೋ ತೆಗೆದು ಮೈಸೂರಿನ ಹಳೇ ಕ್ಯಾಮೆರಾ ಸಂಗ್ರಹಕಾರರೊಬ್ಬರಿಗೆ ಕಳಿಸಿದ್ದನಂತೆ. ಒಳಗಿನದು ಒಂದು ಕ್ಯಾಮೆರಾ, ಮೇಲ್ಭಾಗದ ಲೋಹದ ಮುಚ್ಚಳ ಇನ್ನೊಂದರದು ಎಂದು ಅವರು ಹೇಳಿಬಿಟ್ಟಿದ್ದರು.

"ಬಾನುವಾರ ಚನ್ನರಾಯಪಟ್ಟಣದಲ್ಲಿ ಜಿಲ್ಲೆ ಫೋಟೋಗ್ರಾಫರ್‌ಗಳೆಲ್ಲ ಸೇರಿ ನಿಮ್ಮಪ್ಪಾರಿಗೆ ಶಾಲು ಹೊದಿಸ್ತಾವ್ರೆ. ನಾನೂ ಬತ್ತೀನಿ. ರಿಪೇರಿಗೆ ಕೊಟ್ಟ ಕ್ಯಾಮೆರಾದ ಅಸಲಿ ಮುಚ್ಚಳ ಎಲ್ಲಿ ಅಂತ ಎಲ್ಲಾರ ಮುಂದೆ ಕೇಳ್ತೀನಿ. ಅದುಕ್ ಮುಂಚೆ ನೀವು ನೋಡಿ ಹೇಳಿ."

ಆಗಲ್ಲ ಅಂದರೆ ಕಳ್ಳತನ ಒಪ್ಪಿಕೊಂಡಂತೆ. ಹಾಸನದಲ್ಲಿ ಫಿಲ್ಮ್ ಕ್ಯಾಮೆರಾ ಬಿಚ್ಚಿ ಮತ್ತೆ ಜೋಡಿಸಬಲ್ಲವರು ಅಪ್ಪನನ್ನು ಬಿಟ್ಟರೆ ಅವಳೊಬ್ಬಳೇ. ಅಪ್ಪ ನಂಜಯ್ಯ ಊರಾಚೆಯಲ್ಲೇನೂ ಇರಲಿಲ್ಲ, ಮನೆಯಲ್ಲೇ ಇದ್ದ. ಒಂದು ಫೋನು ಮಾಡಿ ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೇಳಲಿಲ್ಲ ಮಹಾತಾಯಿ. ಏನು ಉತ್ತರ ಬರುತ್ತದೋ ಎಂದು ಹೆದರಿದಳು.

ಲೂಪನ್ನು, ಆ ಪುಟ್ಟ ಭೂತಗನ್ನಡಿಯನ್ನು, ಕಣ್ಣಿಗಿಟ್ಟುಕೊಂಡಳು. ಮುಚ್ಚಳದ ಸ್ಕ್ರೂಗಳ ತಲೆ ಸವೆದಿತ್ತು, ಯಾರೋ ಬಿಚ್ಚಿದ್ದು ಖಂಡಿತ. ಕೆಳಭಾಗದ ಲೋಹಕ್ಕೂ ಮುಚ್ಚಳದ ಲೋಹಕ್ಕೂ ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಬಿಚ್ಚಿ ನೋಡಿದರೆ ಒಳಗೆ ಗೀರಿದ್ದ ನಂಬರು ಒಂದು, ಮುಚ್ಚಳದ ಮೇಲೆ ಕೆತ್ತಿದ್ದು ಇನ್ನೊಂದು. ಸಂಗ್ರಹಕಾರರು ಹೇಳಿದ್ದು ನಿಜವೇ ಆಗಿತ್ತು.

"ಏನಕ್ಕ?"

"ತಡಿಯಪ್ಪ, ಇನ್ನೂ ನೋಡ್ತಿದೀನಿ."

ಮುಚ್ಚಳದ ಹಿಂಬದಿಯಲ್ಲಿ ಫ್ಲಾಶಿನ ವೈರು ಸಿಕ್ಕಿಸುವ ಸಾಕೆಟ್ ಒಂದಿತ್ತು. ಇಷ್ಟು ಹಳೆಯ ಮಾದರಿಗೆ ಕಂಪನಿಯವರು ಅದನ್ನು ಕೊಟ್ಟಿರಲಿಲ್ಲ, ಆಮೇಲೆ ಯಾರೋ ಕೈಯಲ್ಲಿ ತೂತು ಕೊರೆದು ಕೂರಿಸಿದ್ದು. ತೂತಿನ ಒಳಅಂಚಿನಲ್ಲಿ ಅರದ ಗೆರೆಗಳು ಎಡಕ್ಕೆ ವಾಲಿದ್ದವು. ಅಪ್ಪ ಎಡಚ. ಅವನು ಅರ ಹಿಡಿದದ್ದನ್ನು ಅವಳು ಚಿಕ್ಕಂದಿನಿಂದ ನೋಡಿದವಳು.

ಸಾಕೆಟ್ಟನ್ನು ಹಿಡಿದಿದ್ದ ರಿಂಗನ್ನು ತಿರುಗಿಸಿ ತೆಗೆದಳು. ಅದರಡಿಯಲ್ಲಿ ಬೂದು ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು. ಬೇರೆ ಯಾರೇ ಆಗಿದ್ದರೂ ಲೋಹ ಕಿಲುಬು ಹಿಡಿದಿದೆ ಎಂದುಕೊಳ್ಳುತ್ತಿದ್ದರು. ದಿವ್ಯಾಳಿಗೆ ನೋಡಿದ ಕೂಡಲೇ ತಿಳಿಯಿತು, ವಿಭೂತಿ. ಆಯುಧಪೂಜೆಯ ದಿನ ಅಪ್ಪ ಕ್ಯಾಮೆರಾಗಳನ್ನು ಸಾಲಾಗಿ ಜೋಡಿಸಿ, ಒಂದೊಂದರ ತಲೆಗೂ ಮೂರು ಬೆರಳಲ್ಲಿ ಪಟ್ಟೆ ಎಳೆಯುತ್ತಿದ್ದ. ರಾಮಣ್ಣನ ಮನೆಯವರು ಅರಿಶಿನ ಕುಂಕುಮ ಹಚ್ಚುವವರು.

ರಿಂಗು ಬಿಗಿಯುವ ಮೊದಲೇ ಈ ಮುಚ್ಚಳಕ್ಕೆ ವಿಭೂತಿ ಬಿದ್ದಿದೆ. ಅಂದರೆ ಇದು ನಮ್ಮ ಮನೆಯ ಕ್ಯಾಮೆರಾದ್ದು. ಹಾಗಾದರೆ ರಾಮಣ್ಣನದು ಎಲ್ಲಿ ಹೋಯಿತು? ಅಪ್ಪ ತನ್ನ ಕ್ಯಾಮೆರಾವನ್ನು ಅವಳ ಕಾಲೇಜಿನ ವರ್ಷ ಮಾರಿದ್ದ. ಅದರ ಮೇಲೆ ರಾಮಣ್ಣನ ತೂತಿಲ್ಲದ ಮುಚ್ಚಳ ಹಾಕಿ ಹೆಚ್ಚು ಬೆಲೆಗೆ ಮಾರಿದನೇ? ನಾನು ಓದಿದ್ದು ಆ ದುಡ್ಡಿನಲ್ಲೇ?

ಅಷ್ಟರಲ್ಲಿ ಸುದರ್ಶನನ ಫೋನು ಹೊಡೆದುಕೊಂಡಿತು. ಯಾರೋ ಮದುವೆಯವರು. ಆಟೋಗಳ ಗಲಾಟೆಗೆ ಏನೂ ಕೇಳಿಸದೆ, ಒಂದು ಕಿವಿ ಮುಚ್ಚಿಕೊಂಡು ಮೆಟ್ಟಿಲಿಳಿದು ಬೀದಿಗೆ ಹೋದ.

ಎಂಥ ಬುದ್ಧಿ ಬಂತೋ ಅವಳಿಗೆ. ಹತ್ತಿಯನ್ನು ಸ್ಪಿರಿಟ್ಟಿಗೆ ಅದ್ದಿ, ಮುಚ್ಚಳವನ್ನೂ ರಿಂಗನ್ನೂ ಒರೆಸಿಯೇಬಿಟ್ಟಳು. ಹತ್ತಿಯನ್ನು ಸಿಂಕಿಗೆ ಹಾಕಿ ನಲ್ಲಿ ಬಿಟ್ಟಳು. ಅವನು ಬರುವುದರೊಳಗೆ ಲೋಹ ಫಳಫಳ ಅನ್ನುತ್ತಿತ್ತು.

"ಮುಚ್ಚಳ ಬೇರೇದೇ ಸುದರ್ಶನ್," ಅಂದಳು. "ಎಲ್ಲೀದು, ಯಾರು ಹಾಕಿದ್ದು ಅಂತ ಹೇಳಕ್ಕಾಗಲ್ಲ. ಗುರುತೇನೂ ಇಲ್ಲ."

ಅವನು ನಂಬರುಗಳ ಕಡೆ ನೋಡಲೇ ಇಲ್ಲ. ಮುಚ್ಚಳ ಎತ್ತಿಕೊಂಡು, ಮೊಬೈಲಿನ ಟಾರ್ಚು ಹಾಕಿ, ನೇರವಾಗಿ ಸಾಕೆಟ್ಟಿನ ಸುತ್ತ ಬೆರಳಾಡಿಸಿದ. ಮುಖ ಸಪ್ಪಗಾಯಿತು.

"ನಮ್ ಅಜ್ಜಿ ಚಿಕ್ಕಲಕ್ಷ್ಮಮ್ಮ ಒಂದ್ ಕತೆ ಹೇಳ್ತದೆ ಅಕ್ಕ. ತಾತ ಮದ್ವೆ ಹಿಂದಿನ್ ದಿನ ಕ್ಯಾಮೆರಾ ಬೀಳಿಸ್ಕಂಡು, ಮುಚ್ಚಳ ಸೀಳೋಯ್ತಂತೆ. ನಂಜಯ್ಯನೋರು ತಮ್ ಕ್ಯಾಮೆರಾದ್ನೇ ಬಿಚ್ಚಿ ಹಾಕ್ಕೊಟ್ರಂತೆ. ಆಯುಧಪೂಜೆ ಈಬತ್ತಿ ಅಂಗೇ ಇತ್ತು, ಅದ್ರ ಮ್ಯಾಲೇ ರಿಂಗು ಬಿಗಿದ್ರು ಅಂತ ನಗಾಡ್ತದೆ. ನಿಜಾನೋ ಸುಳ್ಳೋ ನೋಡನ ಅಂತ್ಲೇ ಬಂದೆ. ಮುಂಚೇನೇ ಹೇಳಿದ್ರೆ ನೀವೇ ಬಳುದ್ಬುಡ್ತಿದ್ರಿ ಅಂತ ಸುಮ್ಕಿದ್ದೆ. ಅಜ್ಜಿಗೆ ಅರುಳು ಮರುಳು."

ದಿವ್ಯಾ ಲೂಪನ್ನು ಕೆಳಗಿಟ್ಟಳು.

"ಇತ್ತು ಕಣಪ್ಪ. ನೀನು ಆಚೆ ಹೋದಾಗ ನಾನೇ ಒರೆಸ್ದೆ."

ಅವನು ಸಿಟ್ಟು ಮಾಡಿದ್ದರೂ ಚೆನ್ನಾಗಿತ್ತು, ಮರುಕಪಟ್ಟ.

"ಬುಡಿ ಅಕ್ಕ. ಅಪ್ಪನ್ ಮಾನಕ್ಕೆ ಯಾರಾದ್ರೂ ಅಂಗೇ ಅನ್ನೋದು. ಜೋಡಿಸ್ಕೊಡಿ, ಬಸ್ಸಿಗೆ ಒತ್ತಾಯ್ತು."

ಜೋಡಿಸಿಕೊಟ್ಟಳು. ಅವನು ಹೋದ ಮೇಲೆ ಅಪ್ಪನಿಗೆ ಫೋನು ಮಾಡಿದಳು. ಮೊದಲೇ ಮಾಡಬೇಕಾಗಿದ್ದ ಫೋನು ಅದು. ರಾಮಣ್ಣನ ಹೆಸರೆತ್ತಿದ್ದೇ ತಡ, ಆ ಕಡೆ ನಂಜಯ್ಯನ ದನಿ ಅರಳಿತು.

"ಅಯ್ಯೋ, ಆ ಕ್ಯಾಮೆರಾ ಇನ್ನೂ ಅದಾ? ನನ್ನದರ ತಲೆ ತೆಗ್ದು ಅವನಿಗೆ ಹಾಕ್ಕೊಟ್ಟೆ ಕಣವ್ವ. ಮದ್ವೆ ಒಪ್ಕಂಡಿದ್ದ, ಪಾಪ. ನಂದು ಬೋಳಾಗಿ ಎಷ್ಟೋ ವರ್ಷ ಬಿದ್ದಿತ್ತು. ಆಮೇಲೆ ಅಂಗೇ ಬಿಡಿಭಾಗಕ್ಕೆ ಅಂತ ಕೊಟ್ಬುಟ್ಟೆ. ರಿಂಗು ಬಿಚ್ಚಿ ನೋಡು ಮಗಾ, ಈಬತ್ತಿ ಅಲ್ಲೇ ಇರ್ತದೆ."

"ಇತ್ತಪ್ಪ. ರಾಮಣ್ಣನ ಮೊಮ್ಮಗ ಸುದರ್ಶನ್ ಬಂದು, ಅಸಲಿ ಮುಚ್ಚಳ ಎಲ್ಲಿ ಅಂತ ಸಭೇಲಿ ಕೇಳ್ತೀನಿ ಅಂದ. ನಾನು ಒರೆಸಿಬಿಟ್ಟೆ."

"ಯಾಕವ್ವ ಒರೆಸ್ದೆ?"

ಅವಳು ಸಿಂಕಿನ ಕಡೆ ನೋಡಿದಳು. ಅಪ್ಪ ಕಾದ. ಟಿವಿಯ ಸದ್ದನ್ನು ಕಡಿಮೆ ಮಾಡಿ, ಮತ್ತೂ ಕಾದ. ಮಗಳು ತನ್ನನ್ನು ಏನೆಂದುಕೊಂಡಳೆಂದು ಅವನಿಗೆ ಅರ್ಥವಾಯಿತು ಎಂಬುದು ಅವನ ಉಸಿರಿನಲ್ಲೇ ಅವಳಿಗೆ ಕೇಳಿಸಿತು.

"ಓ," ಅಂದ ನಂಜಯ್ಯ. ಆಮೇಲೆ, "ಬಾನುವಾರ ನಾನು ಬರಲ್ಲ ಅಂತ ಅವರಿಗೆ ಹೇಳ್ಬುಡವ್ವ," ಅಂದ.

"ಸುದರ್ಶನ್ ಜೊತೆ ನಾನು ಮಾತಾಡ್ತೀನಪ್ಪ, ಅವನ ಅಜ್ಜಿ ಅವ್ರೆ, ಸಭೇಲಿ ಅವರೇ..."

"ಆ ಹುಡುಗನ್ ಮಾತಿಗಲ್ಲ ಕಣವ್ವ," ಅಂದು ಫೋನು ಇಟ್ಟ.