ಆರಡಿ ಅಂತರದ ಕಾಲದಲ್ಲಿ ಎರಡೂವರೆ ಅಡಿಯ ನಾನು

ನಾನು ಒಂದು ಕೇರಂ ಬೋರ್ಡು. ಹುಟ್ಟುತ್ತಲೇ ನಾಲ್ಕು ಜೇಬು ಪಡೆದು ಬಂದವನು. ಆದರೆ ಜೇಬಿಗೆ ಬಿದ್ದದ್ದನ್ನು ಇಟ್ಟುಕೊಳ್ಳುವ ಭಾಗ್ಯ ನನಗಿಲ್ಲ; ಆಟ ಮುಗಿದೊಡನೆ ಎಲ್ಲವನ್ನೂ ಬಾಚಿಕೊಂಡು ಹೋಗುತ್ತಾರೆ. ಬೆಂಗಳೂರಿನ ಒಂದು ತಗಡಿನ ಶೆಡ್ಡಿನಲ್ಲಿ ಪ್ಲೈವುಡ್ಡಿಗೆ ಚೌಕಟ್ಟು ಹೊಡೆದು ನನ್ನನ್ನು ಮಾಡಿದರು. ಒಬ್ಬ ನನ್ನ ಹೊಟ್ಟೆಯ ಮೇಲೆ ಕೆಂಪು ವೃತ್ತ ಬರೆದ. ಇನ್ನೊಬ್ಬ ಮೂರು ಸಲ ಪಾಲಿಶ್ ಬಳಿದು, ಒಂದು ಕಾಯಿ ಜಾರಿಸಿ ನೋಡಿ, "ಬೆಣ್ಣೆ ಕಣಯ್ಯ!" ಎಂದ. ನಾನು ಕೇಳಿದ ಮೊದಲ ಮಾತೇ ಹೊಗಳಿಕೆ. ಆಮೇಲೆ ಕೇಳಿದ್ದು ಹೆಚ್ಚಾಗಿ "ಫೈನು, ಫೈನು" ಎಂಬ ಬೊಬ್ಬೆ. ಸ್ಟ್ರೈಕರ್ ಜೇಬಿಗೆ ಬಿದ್ದರೆ ಫೈನು. ಮುಂದೆ ಮೂಗು ಮಾಸ್ಕಿನಿಂದ ಆಚೆ ಬಿದ್ದರೂ ಫೈನು ಎನ್ನುವ ಕಾಲ ಬರುತ್ತದೆಂದು ನನಗೇನು ಗೊತ್ತು?

ತಿಪಟೂರು ಕಡೆಯ ಒಂದು ಊರಿನ ಯುವಕ ಸಂಘದವರು ನನ್ನನ್ನು ಗಣೇಶನ ಹಬ್ಬದ ಪಂದ್ಯಾವಳಿಗೆ ಕೊಂಡುಕೊಂಡರು. ಹಬ್ಬ ಮುಗಿಯುವಷ್ಟರಲ್ಲಿ ಅಧ್ಯಕ್ಷ ಯಾರಾಗಬೇಕೆಂಬ ಜಗಳದಲ್ಲಿ ಸಂಘ ಎರಡಾಯಿತು. ನನ್ನನ್ನು ಎರಡು ಮಾಡಲು ಬರುವಂತಿರಲಿಲ್ಲ. ನಿವೃತ್ತ ಶಾಲಾ ಶಿಕ್ಷಕ ತಮ್ಮಯ್ಯ ಮೇಷ್ಟ್ರು ತೀರ್ಪು ಕೊಟ್ಟರು: "ಇದು ನಿಮಗೂ ಬೇಡ, ನಿಮಗೂ ಬೇಡ. ಟೈಲರ್ ವಿಠೋಬನ ಅಂಗಡೀಲಿರ್ಲಿ. ಅವ್ನಿಗಾದ್ರೂ ಅಳತೆ ಗೊತ್ತು."

ಹಾಗೆ ನಾನು ವಿಠೋಬ ರಾವ್ ಅವರ ಹೊಲಿಗೆ ಅಂಗಡಿಯ ಗೋಡೆಗೆ ಒರಗಿದೆ. ವರ್ಷಗಟ್ಟಲೆ ಒರಗಿಯೇ ಇದ್ದೆ. ಏಕೆಂದರೆ ಸಂಜೆ ಆರು ಗಂಟೆಗೆ ವಿಠೋಬಣ್ಣ ಮಿಷನ್ನಿಗೆ ಬಟ್ಟೆ ಹೊದಿಸಿ ಎದ್ದರೆ ಹೋಗುತ್ತಿದ್ದುದು ವೈನ್ ಶಾಪಿಗೆ. ಬೆಳಿಗ್ಗೆ ಬಂದಾಗ ಸೂಜಿಗೆ ದಾರ ಪೋಣಿಸಲು ಹತ್ತು ಸಲ ಪ್ರಯತ್ನ. ಕೊನೆಗೆ ಅವರ ಹೆಂಡತಿ ಸಕ್ಕುಬಾಯಿ ಅಂಗಡಿಯ ಹಿಂದಿನ ಮನೆಯಿಂದ ಬಂದು ಪೋಣಿಸಿಕೊಟ್ಟು ಹೋಗುತ್ತಿದ್ದರು.

ಮೊದಲ ವರ್ಷದ ಲಾಕ್‌ಡೌನು ಬಂದಾಗ ಊರೆಲ್ಲ ಬೈಯಿತು. ಸಕ್ಕುಬಾಯಿ ಮಾತ್ರ ದೇವರಿಗೆ ತುಪ್ಪದ ದೀಪ ಹಚ್ಚಿದರು. ವೈನ್ ಶಾಪಿಗೂ ಬೀಗ ಬಿದ್ದಿತ್ತು! ಮೊದಲ ವಾರ ವಿಠೋಬಣ್ಣ ಬೆವರಿದರು, ವಾಂತಿ ಮಾಡಿದರು, ಗೋಡೆಯ ಮೇಲೆ ಇರುವೆ ಹರಿಯುತ್ತಿದೆ ಎಂದು ಇಲ್ಲದ ಇರುವೆ ಒರೆಸಿದರು. ಆರೋಗ್ಯ ಕೇಂದ್ರದ ಡಾಕ್ಟರು ಮಾತ್ರೆ ಕೊಟ್ಟರು. ನಲವತ್ತನೆಯ ದಿನ ಅವರು ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿ, ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ನಲವತ್ತೊಂದನೆಯ ದಿನ ವೈನ್ ಶಾಪು ತೆರೆಯಿತು. ಆಗ ಪಕ್ಕದ ಪಂಕ್ಚರ್ ಅಂಗಡಿಯ ಜಬ್ಬಾರ್ ಒಳಗೆ ಬಂದು ನನ್ನ ಮೈಮೇಲಿನ ಧೂಳು ಹೊಡೆದ.

"ವಿಠೋಬಣ್ಣ, ಆರರಿಂದ ಎಂಟು ನೀನು ನಂದು. ಎಲ್ಲೂ ಹೋಗಂಗಿಲ್ಲ."

"ನಿಂಗೇನ್ ಬಂತೋ?"

"ಗಾಡಿ ಟ್ಯೂಬಿಗೆ ಪ್ಯಾಚ್ ಹಾಕಿದ್ ಮೇಲೆ ನಾನು ಎರಡು ನಿಮಿಷ ಒತ್ತಿ ಹಿಡೀತೀನಿ. ನಿನ್ನ ಎರಡು ಗಂಟೆ."

ಮೇಷ್ಟ್ರೂ ಸೇರಿಕೊಂಡರು. ನಾಲ್ಕನೆಯ ಕಡೆಗೆ ದಾರಿಯಲ್ಲಿ ಹೋಗುವವರು ಯಾರಾದರೂ ಕೂರುತ್ತಿದ್ದರು. ಒಂದು ವರ್ಷ ಹೀಗೇ ನಡೆಯಿತು. ಕೆಳಗಿನಿಂದ ನೋಡುವವನಿಗೆ ಮನುಷ್ಯರೆಂದರೆ ಗಲ್ಲ, ಮೂಗಿನ ಹೊಳ್ಳೆ ಮತ್ತು ಬೆರಳು. ಮೂವರ ಬೆರಳುಗಳೂ ನನಗೆ ಬಾಯಿಪಾಠವಾದವು. ಜಬ್ಬಾರನದು ಹೊಡೆತ, ವಿಠೋಬಣ್ಣನದು ಅಳತೆ, ಮೇಷ್ಟ್ರದು ಬರೀ ಬಾಯಿ. ಮೇಷ್ಟ್ರು ಕಾಯಿ ಹೊಡೆಯುವುದಕ್ಕಿಂತ ಹೆಚ್ಚಾಗಿ ಊರಿನವರ ದನಿ ಹೊಡೆಯುತ್ತಿದ್ದರು. ಪುರಸಭೆಯ ಆಟೋದ ಮೈಕಿನಂತೆ ಮೂಗಿನಲ್ಲೇ ಸಾರುತ್ತಿದ್ದರು: "ಸಾರ್ವಜನಿಕರ ಗಮನಕ್ಕೇ... ಕ್ವೀನನ್ನು ಕಳೆದುಕೊಂಡವರು ಕೂಡಲೇ ಮನೆಗೆ ಹೋಗಿ ನೋಡಿಕೊಳ್ಳತಕ್ಕದ್ದು..."

ಮರುವರ್ಷ ಏಪ್ರಿಲ್ ಕೊನೆಗೆ ಮತ್ತೆ ಬೀಗ. ಈ ಸಲದ ರೋಗ ಹೋದ ಸಲದ್ದಲ್ಲ. ಗೊತ್ತಿದ್ದ ಮುಖಗಳನ್ನೇ ಕೊಂಡೊಯ್ಯುತ್ತಿತ್ತು. ಈ ಸಲದ ಆರ್ಡರೂ ಹೋದ ಸಲದ್ದಲ್ಲ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಹಾಲು, ತರಕಾರಿ, ದಿನಸಿ ಸಿಗುತ್ತಿತ್ತು. ಅದರ ಜೊತೆಗೆ ಪಾರ್ಸಲ್ಲಿನಲ್ಲಿ ಬಾಟಲಿಯೂ. ಹೊಲಿಗೆ ಅಂಗಡಿ ಬಂದ್. ಕೇರಂ ಅಂತೂ ಕೇಳಲೇಬೇಡಿ. ಆರಡಿ ಅಂತರ ಕಾಯಿರಿ ಎಂದರೆ ನಾನೆಲ್ಲಿಂದ ಕಾಯಲಿ? ನನ್ನ ಮೈಯಿರುವುದೇ ಎರಡೂವರೆ ಅಡಿ.

ಮೂವರೂ ಶಟರ್ ಅರ್ಧ ಇಳಿಸಿ ಕದ್ದು ಆಡತೊಡಗಿದರು. ಕುಡಿತ ಮರಳಿ ಬರಬಾರದು ಎಂಬುದೊಂದೇ ಅವರ ತಲೆಯಲ್ಲಿತ್ತು. ಅದು ತಪ್ಪೆಂದು ಹೇಳಲು ನನಗೂ ಮನಸ್ಸಿರಲಿಲ್ಲ. ಒಂದು ಸಂಜೆ ಮೇಷ್ಟ್ರು ಹೆಡ್ ಕಾನ್‌ಸ್ಟೆಬಲ್ ಓಂಕಾರಪ್ಪನವರ ಗಡಸು ದನಿ ತೆಗೆದು, "ಏಯ್, ಯಾರ್ರೀ ಅದು ಒಳಗೆ? ಎಲ್ಲಾ ಆಚೆ ಬನ್ರಿ..." ಎಂದರು. ಶಟರಿನ ಆಚೆಯಿಂದ ಅದೇ ದನಿ ಮುಂದುವರಿಯಿತು: "ಇಲ್ಲಾಂದ್ರೆ ನಾನೇ ಒಳಗ್ ಬರ್ತೀನಿ!"

ಜಬ್ಬಾರ್ ಚಪ್ಪಾಳೆ ತಟ್ಟಿದ. "ಅರೆ ಮೇಷ್ಟ್ರೇ, ಬಾಯೇ ಅಲ್ಲಾಡಿಲ್ಲ! ಸೂಪರ್!"

ಶಟರ್ ಎದ್ದಿತು. ನಿಜವಾದ ಓಂಕಾರಪ್ಪನವರು ನಿಂತಿದ್ದರು. ನಗು ತಡೆಯಲು ಅವರಿಗೂ ಕಷ್ಟವಾಯಿತೆಂದು ಮಾಸ್ಕು ಅಲುಗಾಡಿದ್ದರಲ್ಲೇ ಗೊತ್ತಾಯಿತು. "ಇದೊಂದ್ ಸಲ ಬಿಡ್ತೀನಿ. ಇನ್ನೊಂದ್ ಸಲ ಕಂಡ್ರೆ ಬೋರ್ಡು ಸ್ಟೇಷನ್ನಿಗೆ" ಎಂದು ಹೋದರು.

ಮೂವರೂ ಮೂರು ದಿನ ಸುಮ್ಮನಿದ್ದು ಮತ್ತೆ ಆಡಿದರು. ಆ ದಿನ ಮೇಷ್ಟ್ರು ಕೆಮ್ಮಿದರು. ನನ್ನ ಮೈಮೇಲೆ ಬೋರಿಕ್ ಪೌಡರ್ ಹೊಗೆಯಂತೆ ಎದ್ದಿತು. "ನಿಮ್ಮ ಕೆಮ್ಮು ಪೌಡರಿಂದು ಮೇಷ್ಟ್ರೇ, ಹಾಕ್ದಾಗೆಲ್ಲ ಊದ್ತೀರಲ್ಲ" ಎಂದು ವಿಠೋಬಣ್ಣ ಏಳಲು ಹೊರಟವರನ್ನು ಕೂರಿಸಿದರು. ಕೇರಂ ಆಡುವವರಿಗೆಲ್ಲ ಪೌಡರಿನ ಕೆಮ್ಮು ಗೊತ್ತು. ಯಾರೂ ಎರಡನೆಯ ಸಲ ಯೋಚಿಸಲಿಲ್ಲ. ಪೌಡರ್ ಕಮ್ಮಿ ಮಾಡಿ ಆಟ ಮುಂದುವರಿಸಿದರು. ಕೆಮ್ಮಿನ ಹನಿಗಳು ನನ್ನ ಮೇಲೆ ಬಿದ್ದವು. ನನಗೆ ಬಾಯಿಯಿಲ್ಲ. ಇದ್ದಿದ್ದರೆ ಆ ಸಂಜೆ ಕೂಗಿಬಿಡುತ್ತಿದ್ದೆ.

ಐದನೆಯ ದಿನ ಮೇಷ್ಟ್ರನ್ನು ಜಿಲ್ಲಾಸ್ಪತ್ರೆಗೆ ಸಾಗಿಸಿದರು. ಜಬ್ಬಾರನೂ ಮಲಗಿದ. ವಿಠೋಬಣ್ಣನಿಗೆ ಎರಡು ದಿನ ಮೈ ಬಿಸಿ, ಅಷ್ಟೇ. ಬೀದಿಗೆ ಅಡ್ಡ ಗಳ ಕಟ್ಟಿದರು. ಓಂಕಾರಪ್ಪನವರು ಕೈಗೆ ಗ್ಲೌಸು ಹಾಕಿ, ನನಗೆ ಸ್ಯಾನಿಟೈಸರಿನ ಅಭಿಷೇಕ ಮಾಡಿ ಜೀಪಿನಲ್ಲಿ ಹಾಕಿಕೊಂಡು ಹೋದರು. ಮೂರು ಕೋಟು ಪಾಲಿಶ್ ಬಿಳಿಚಿಕೊಂಡಿತು.

ಸ್ಟೇಷನ್ನಿನಲ್ಲಿ ನನ್ನನ್ನು ಜಪ್ತಿಯಾದ ಬೈಕುಗಳ ಸಾಲಿನಲ್ಲಿ ಒರಗಿಸಿದರು. ಹನ್ನೊಂದನೆಯ ದಿನ ಓಂಕಾರಪ್ಪನವರು ಫೋನಿನಲ್ಲಿ, "ತಮ್ಮಯ್ಯ ಮೇಷ್ಟ್ರಾ? ಛೇ..." ಎಂದು ಟೋಪಿ ತೆಗೆದು ಮೇಜಿನ ಮೇಲಿಟ್ಟರು. ದೇಹ ಊರಿಗೆ ಬರಲಿಲ್ಲ. ಮಗನೊಬ್ಬನೇ ದೂರದಿಂದ ನೋಡಿದನಂತೆ.

ಅದಾಗಿ ನಾಲ್ಕನೆಯ ದಿನ ಸಕ್ಕುಬಾಯಿ ಸ್ಟೇಷನ್ನಿನ ಮೆಟ್ಟಿಲ ಕೆಳಗೆ ನಿಂತರು.

"ಸಾರ್, ಆ ಬೋರ್ಡ್ ಕೊಡ್ರಿ."

"ಏನಮ್ಮಾ ನೀವು! ಆ ಬೋರ್ಡಿಂದ ಒಂದು ಜೀವ ಹೋಗಿದೆ."

"ಹೋಗಿದೆ. ನಾನಿಲ್ಲ ಅನ್ನಲ್ಲ. ಇನ್ನೊಂದು ಜೀವ ಅಲ್ಲಿ ಗೋಡೆಗೆ ಒರಗ್ಸಿಟ್ಟಿದೀರಿ." ಸಕ್ಕುಬಾಯಿ ನನ್ನ ಕಡೆ ಕೈ ತೋರಿಸಿದರು. "ನಾಲ್ಕು ದಿನದಿಂದ ನಮ್ಮೆಜಮಾನ್ರು ಬೆಳಿಗ್ಗೆ ಆರಕ್ಕೇ ಷರ್ಟ್ ಹಾಕ್ಕೊಂಡು ಚೀಲ ಹಿಡ್ಕೊಂಡು ಆಚೆ ಹೋಗ್ತಾರೆ. ಬೀದಿ ತುದೀಗ್ ಹೋಗಿ ವಾಪಸ್ ಬರ್ತಾರೆ. ಚೀಲ ಇನ್ನೂ ಖಾಲಿ ಇದೆ ಸಾರ್. ನಾಳೆ ಗೊತ್ತಿಲ್ಲ."

"ಮನೇಲಿರಿ ಅಂತ ನಾವ್ ಹೇಳೋದು ಜನ ಉಳೀಲಿ ಅಂತಲೇ ಕಣಮ್ಮ."

"ಉಳೀಲಿ. ವೈನ್ ಶಾಪ್ ಮುಂದೆ ಸುಣ್ಣದಲ್ಲಿ ರೌಂಡ್ ಹಾಕ್ಸಿ ನಿಲ್ಸಿದೀರಲ್ಲ, ಅವರೂ ಉಳೀಲಿ. ನಮ್ಮೋರು ಆ ರೌಂಡೊಳಗೆ ನಿಂತ್ರೆ ಮಾತ್ರ ಉಳಿಯಲ್ಲ."

ಸುಣ್ಣ ಬಳಿಸಿದವರು ಓಂಕಾರಪ್ಪನವರೇ. ಆರ್ಡರು ಮೇಲಿನಿಂದ ಬಂದದ್ದು, ಬ್ರಷ್ಷು ಕೆಳಗಿನವರ ಕೈಯಲ್ಲಿದ್ದದ್ದು. "ಹೋಗಮ್ಮ, ನೋಡೋಣ" ಎಂದಷ್ಟೇ ಅಂದರು.

ಮರುದಿನ ಬೆಳಿಗ್ಗೆ ಆರಕ್ಕೇ ಅವರು ನನ್ನನ್ನು ಬೈಕಿನ ಹಿಂದೆ ಕಟ್ಟಿ ವಿಠೋಬಣ್ಣನ ಮನೆಗೆ ತಂದರು. ವಿಠೋಬಣ್ಣ ಚೀಲ ಹಿಡಿದು ಹೊಸ್ತಿಲು ದಾಟುತ್ತಿದ್ದರು.

"ಎಲ್ಲಿಗ್ರೀ ರಾಯರೇ?"

"ಹಾಲಿಗೆ..."

"ಹಾಲು ನಿಮ್ಮ ಬಾಗಿಲಲ್ಲೇ ಇದೆ. ಹಿಡೀರಿ ಈ ಕಡೆ."

ನನ್ನನ್ನು ಹಿಡಿಯಲು ಎರಡು ಕೈ ಬೇಕು. ಚೀಲ ಕೆಳಗೆ ಬಿತ್ತು.

"ಕೇಳಿಸ್ಕೊಳ್ಳಿ" ಎಂದರು ಓಂಕಾರಪ್ಪ. "ಹೊರಗಿನವರು ಒಬ್ರು ಕಂಡ್ರೂ ನಾನೇ ಬಂದು ಒಲೆಗೆ ಹಾಕ್ತೀನಿ. ಒಂದೇ ಮನೆಯವರು ಆಡಬಾರ್ದು ಅಂತ ಯಾವ ಆರ್ಡರಲ್ಲೂ ಇಲ್ಲ. ನಾನು ಎರಡು ಸಲ ಓದಿದೀನಿ."

"ಮನೇಲಿ ಇನ್ಯಾರಿದಾರೆ ಸಾರ್ ಆಡೋಕೆ?"

ಒಳಗಿನಿಂದ ಸಕ್ಕುಬಾಯಿ ಸೆರಗಿಗೆ ಕೈ ಒರೆಸುತ್ತ ಬಂದು ನನ್ನ ಎದುರು ಚಕ್ಕಂಬಕ್ಕಳ ಹಾಕಿ ಕೂತರು.

ದೇವರೇ, ಆ ಆಟ! ಸ್ಟ್ರೈಕರನ್ನು ಅವರು ರೊಟ್ಟಿ ತಟ್ಟುವಂತೆ ತಟ್ಟಿದರು. ಅದು ನೆಗೆದು ಹಾಲಿನ ಪಾತ್ರೆಗೆ ಬಿತ್ತು. ಆದರೂ ದಿನಾ ಬೆಳಿಗ್ಗೆ ಆರರಿಂದ ಹತ್ತರವರೆಗೆ ಬಿಡದೆ ಆಡಿದರು. ಹತ್ತು ಹೊಡೆದು ಬೀದಿಯಲ್ಲಿ ಶಟರುಗಳು ಬೀಳುವ ಸದ್ದು ಕೇಳಿದ ಮೇಲೆಯೇ ಎದ್ದು ಒಲೆ ಹಚ್ಚುತ್ತಿದ್ದರು. ಎರಡನೆಯ ವಾರಕ್ಕೆ ಒಂದು ಕಾಯಿ ಹಾಕಿದರು. ಮೂರನೆಯ ವಾರಕ್ಕೆ ಮೋಸ ಕಲಿತರು. "ಏನೇ, ಮಂಡೀಲಿ ತಳ್ತಿದೀಯ!" "ನನ್ನ ಮಂಡಿ, ನನ್ನಿಷ್ಟ."

ಆದರೆ ವಿಠೋಬಣ್ಣ ಮೇಷ್ಟ್ರ ಹೆಸರೆತ್ತುತ್ತಿರಲಿಲ್ಲ. ಒಂದು ಬೆಳಿಗ್ಗೆ ಸಕ್ಕುಬಾಯಿಗೆ ಸುಮ್ಮನೆ ಕೆಮ್ಮು ಬಂತು. ವಿಠೋಬಣ್ಣ ಸ್ಟ್ರೈಕರ್ ಬಿಸುಟು ಎದ್ದು ಹೋದರು. ಅರ್ಧ ಗಂಟೆಗೆ ಬಂದು ಪೇಪರಿನಲ್ಲಿ ಸುತ್ತಿದ ಬಾಟಲಿಯನ್ನು ನನ್ನ ಹೊಟ್ಟೆಯ ಮೇಲಿಟ್ಟರು. ಅದರ ಬುಡ ತಣ್ಣಗಿತ್ತು. ಸಕ್ಕುಬಾಯಿ ಸ್ಟ್ರೈಕರನ್ನು ಅದರ ಪಕ್ಕಕ್ಕೆ ತಳ್ಳಿದರು.

"ನಿಮ್ಮ ಸರದಿ" ಎಂದರು.

"ಆ ಕೆಮ್ಮು ಪೌಡರಿಂದು ಅಂದೋನು ನಾನು ಕಣೇ" ಎಂದರು ವಿಠೋಬಣ್ಣ. "ಮೇಷ್ಟ್ರು ಏಳೋಕೆ ಹೊರಟಿದ್ರು. ನಾನೇ ಕೂರ್ಸಿದೆ. ನನ್ನ ಉಳಿಸ್ಕೊಳ್ಳೋಕೆ ಬಂದೋರು ಅವ್ರು."

"ಅದನ್ನ ಅವ್ರ ಮನೇಲಿ ಹೇಳ್ಬೇಕು. ಬಾಟ್ಲಿಗಲ್ಲ."

"ಹೋಗೋಕೆ ಬಿಡ್ತಾರೇನೇ? ಸತ್ತೋರ ಮನೆಗೆ ಮಾತಾಡ್ಸೋಕೂ ಹೋಗಂಗಿಲ್ಲ."

"ಬಿಟ್ಟ ದಿನ ಹೋಗಿ. ಅಲ್ಲೀವರ್ಗೂ ಆಡಿ."

ವಿಠೋಬಣ್ಣ ಬಾಟಲಿ ಎತ್ತಿಕೊಂಡು ಬಚ್ಚಲಿಗೆ ಹೋದರು. ಗೊಳಗೊಳ ಎಂಬ ಸದ್ದು ಬಂತು. ಗಂಟಲಿನದೋ ಬಚ್ಚಲಿನದೋ ಎಂದು ಸಕ್ಕುಬಾಯಿಯೂ ನಾನೂ ಕಿವಿಗೊಟ್ಟೆವು. ಆಮೇಲೆ ಎರಡು ಚೊಂಬು ನೀರು ಹೊಯ್ದ ಸದ್ದು. ಬಚ್ಚಲಿನದೇ.

ಜೂನ್ ಕೊನೆಗೆ ಬೀಗ ತೆರೆಯಿತು. ಊರು ಹಬ್ಬ ಮಾಡಿತು. ಸಕ್ಕುಬಾಯಿ ಮಾತ್ರ ಗಡಿಯಾರ ನೋಡುತ್ತಿದ್ದರು. ಸಂಜೆಯ ಹೊತ್ತಿಗೆ ವೈನ್ ಶಾಪೂ ತೆರೆದಿತ್ತಲ್ಲ. ಐದು ಗಂಟೆಗೆ ವಿಠೋಬಣ್ಣ ಇಸ್ತ್ರಿ ಷರ್ಟು ಹಾಕಿ, ಎಲ್ಲಿಗೆಂದು ಹೇಳದೆ ಹೊರಟರು. ಸಕ್ಕುಬಾಯಿ ನನ್ನ ಎರಡೂ ಕಡೆ ತಾವೇ ಕೂತು, ತಮ್ಮ ಮೇಲೆ ತಾವೇ ಆಡಿದರು. ಎರಡು ಆಟ ತಾವೇ ಗೆದ್ದು, ಎರಡೂ ತಾವೇ ಸೋತರು.

ಏಳಕ್ಕೆ ಬಾಗಿಲು ಸದ್ದಾಯಿತು.

"ಬಾಯಿ ತೆಗೀರಿ."

"ಕಾಫಿ ಕಣೇ." ವಿಠೋಬಣ್ಣ ಗೋಡೆಗೆ ಒರಗಿ ಕೂತರು. ಕಣ್ಣು ಕೆಂಪಗಿದ್ದವು, ಅತ್ತ ಕೆಂಪು. "ಮೇಷ್ಟ್ರ ಮನೆಗೆ ಹೋಗಿದ್ದೆ. ಅವ್ರ ಹೆಂಡ್ತಿ ಗಿರಿಜಮ್ಮನೋರ ಕಾಲ್ ಹತ್ರ ಕೂತು ಎಲ್ಲಾ ಹೇಳ್ದೆ. ಅವ್ರು ಏನಂದ್ರು ಗೊತ್ತಾ? 'ನಿಮ್ಮಲ್ಲಿಗೆ ಬರೋಕೆ ಎರಡು ದಿನ ಮುಂಚಿಂದ್ಲೇ ಕೆಮ್ಮಿತ್ತು ವಿಠೋಬಣ್ಣ. ಬೇಡ ಅಂದೆ. ಅವ್ರು ಕೇಳ್ಲಿಲ್ಲ, ನಾನು ಹೋಗ್ದಿದ್ರೆ ವಿಠೋಬ ಬೇರೆ ಕಡೆ ಹೋಗ್ತಾನೆ ಅಂದ್ರು' ಅಂತ."

ಸಕ್ಕುಬಾಯಿ ಕಾಯಿಗಳನ್ನು ನಡುವೆ ಜೋಡಿಸಿದರು. ಆ ಸಂಜೆ ಯಾರೂ ಆಡಲಿಲ್ಲ.

ಈಗ ನನಗೆ ವಯಸ್ಸಾಯಿತು. ಅಂಗಡಿಗೆ ಹೊಸ ಬೋರ್ಡು ಬಂದಿದೆ. ನಾನು ಮನೆಯ ತಾರಸಿಯ ಮೇಲೆ ಮಲಗಿ ಸಕ್ಕುಬಾಯಿಯ ಉದ್ದಿನ ಹಪ್ಪಳ ಒಣಗಿಸುತ್ತೇನೆ. ಆಗ ಮಾಡಿದ್ದು ಸರಿಯೋ ತಪ್ಪೋ ಎಂದು ಕೆಳಗೆ ಈಗಲೂ ವಾದ ನಡೆಯುತ್ತದೆ. ಉಳಿದು ಬಂದ ಜಬ್ಬಾರ್ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಲೇ ಸರ್ಕಾರವನ್ನು ಬೈಯುತ್ತಾನೆ. ರಿಟೈರಾದ ಓಂಕಾರಪ್ಪನವರು, "ಜನಾನ ಹೊರಗೆ ಬಿಟ್ಟಿದ್ರೆ ಇನ್ನೆಷ್ಟು ಮೇಷ್ಟ್ರು ಹೋಗ್ತಿದ್ರೋ" ಎನ್ನುತ್ತಾರೆ. ನನ್ನನ್ನು ಯಾರೂ ಕೇಳಿಲ್ಲ. ಕೇಳಿದರೆ ನಾನು ಹೇಳಬಹುದಾದದ್ದು ಇಷ್ಟೇ: ಒಬ್ಬರನ್ನು ಕಳೆದದ್ದೂ, ಒಬ್ಬರನ್ನು ಉಳಿಸಿದ್ದೂ ಇದೇ ಮೈ.

ನಿನ್ನೆ ಆ ವಾದ ತಾರಸಿಗೇ ಹತ್ತಿತ್ತು. ಜಬ್ಬಾರ್, "ನೀನ್ ಹೇಳಪ್ಪ ವಿಠೋಬಣ್ಣ, ಕುಡಿಯೋದ್ ಬಿಟ್ಟಿದ್ದೇ ಲಾಕ್‌ಡೌನಲ್ಲಿ" ಎಂದು ಕೆಣಕಿದ.

"ಮೊದಲನೇದು ನನ್ನ ವಾಪಸ್ ಕೊಡ್ತು" ಎಂದರು ವಿಠೋಬಣ್ಣ. "ಎರಡನೇದು ಮೇಷ್ಟ್ರ ಮುಖಾನೂ ತೋರಿಸ್ಲಿಲ್ಲ. ಎರಡಕ್ಕೂ ಒಂದೇ ಹೆಸರು. ಯಾವ್ದಕ್ಕೆ ಹಾರ ಹಾಕ್ಲಿ, ಯಾವ್ದಕ್ಕೆ ಬೈಲಿ?"

ಸಕ್ಕುಬಾಯಿ ಗಂಡನ ಕಡೆ ತಿರುಗಿ, "ಮಾತಾಡ್ತಾ ಮಾತಾಡ್ತಾ ಹಪ್ಪಳ ತಿರುಗ್ಸಿ ಹಾಕಿ. ಒಂದೇ ಕಡೆ ಬಿಸಿಲು ಬಿದ್ರೆ ಸೊಟ್ಟಗಾಗ್ತವೆ" ಎಂದರು.

ವಿಠೋಬಣ್ಣ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದನ್ನೇ ತಿರುಗಿಸಿ ಹಾಕಿದರು.