ದಸ್ತಗಿರಿ ಅಂದರೆ ದಸ್ತಗೀರನಲ್ಲ

ರೋಣ ತಾಲೂಕಿನ ಸೂಡಿಯಲ್ಲಿ ಟಿಪ್ಪುಸಾಬ ಕಲಾಯಿ ಹಾಕದ ಹಿತ್ತಾಳೆ ಪಾತ್ರೆ ಇರಲಿಲ್ಲ. ಎರಡು ಸಾವಿರದ ಎಂಟನೆಯ ಇಸವಿ. ಒಂದು ಸಂಜೆ ಮಸೀದಿಯಲ್ಲಿ ಅಸರ್ ನಮಾಜಿನ ಬಾಂಗ್ ಆಗುತ್ತಿರುವಾಗ ಅವನ ಬಾಗಿಲಿಗೆ ಜೀಪು ಬಂದು ನಿಂತಿತು. ಇಳಿದವರು ದಿಲ್ಲಿಯ ಇಬ್ಬರು ಪೊಲೀಸ್ ಅಧಿಕಾರಿಗಳು, ಜೊತೆಗೆ ಈ ಕಡೆಯ ಒಬ್ಬ ಪೊಲೀಸ. ಮೋಸದ ಪ್ರಕರಣವೊಂದರಲ್ಲಿ ಸಿಕ್ಕ ಸಿಮ್ ಕಾರ್ಡು ಮಗ ಯೂಸುಫನ ಹೆಸರಿನಲ್ಲಿದೆ ಎಂದರು. ಯೂಸುಫ ಮೊಬೈಲ್ ಇಟ್ಟುಕೊಂಡವನೇ ಅಲ್ಲ.

ಪೊಲೀಸ ಕಾಗದ ಚಾಚಿದ. "ದಸ್ತಗಿರಿ ಪತ್ರ. ಸಹಿ ಮಾಡ್ರಿ."

ಟಿಪ್ಪುಸಾಬ ಕೈ ಹಿಂದೆಳೆದುಕೊಂಡ. "ನನ್ನ ಮಗನ ಹೆಸರು ಯೂಸುಫ ಐತ್ರಿ. ಆ ದಸ್ತಗೀರ ಯಾರೋ ಏನೋ. ಅವನ ಕಾಗದಕ್ಕ ನಾ ಯಾಕ ಸಹಿ ಮಾಡ್ಲಿ?"

ಜೀಪು ಯೂಸುಫನನ್ನು ಹತ್ತಿಸಿಕೊಂಡು ಹೊರಟೇಹೋಯಿತು.

ಹೆಂಡತಿ ಖತೀಜಾಬಿ ಸೆರಗು ಬಾಯಿಗೊತ್ತಿಕೊಂಡು ಕೂತಳು. "ಹೆಸರು ಅದಲಬದಲ ಆಗೈತಿ. ತಿಳಿದ ಮ್ಯಾಲ ತಾವ ಬಿಡ್ತಾರ" ಎಂದ ಟಿಪ್ಪುಸಾಬ.

ಕಲಾಯಿಗೆ ಕೊಟ್ಟ ಹಂಡೆ ಒಯ್ಯಲು ಬಂದಿದ್ದ ನೆರೆಮನೆಯ ಹೊಳೆವ್ವ ಹಣೆ ಚಚ್ಚಿಕೊಂಡಳು. ಅವಳು ಸ್ವಸಹಾಯ ಸಂಘದವಳು.

"ದಸ್ತಗಿರಿ ಅಂದ್ರ ಮನುಷ್ಯಾನ ಹೆಸರಲ್ಲೋ ಅಣ್ಣಾ! ಹಿಡದು ಒಯ್ಯೂದು, ಅರೆಸ್ಟ್! ಹೋದ ತಿಂಗಳ ರೋಣದಾಗ ವಕೀಲರು ನಮ್ಮ ಸಂಘದವರಿಗೆ ಇದನ್ನೆಲ್ಲ ಹೇಳಿಕೊಟ್ಟಾರ. ನಡೀರಿ, ನಾಳೆ ಕೋರ್ಟಿಗೆ ಹೋಗೂಣು."

"ಅವರು ದಿಲ್ಲಿಯವರವ್ವ. ನಮ್ಮ ರೋಣದ ಕೋರ್ಟು ಅವರಿಗೆ ಯಾವ ಲೆಕ್ಕ?"

"ದಿಲ್ಲಿಯವರಿಗೇನು ಕೋಡು ಮೂಡ್ಯಾವೇನು? ಸಂವಿಧಾನ ದಿಲ್ಲಿಗೂ ಒಂದ, ಸೂಡಿಗೂ ಒಂದ. ಯಾಕ ಹಿಡದೀವಿ ಅಂತ ಹೇಳಬೇಕು. ಇಪ್ಪತ್ನಾಕು ತಾಸಿನಾಗ ನ್ಯಾಯಾಧೀಶರ ಮುಂದ ನಿಂದರಸಬೇಕು, ಹಾದಿಗೆ ಹಿಡಿಯೂ ಹೊತ್ತು ಒಂದ ಬಿಟ್ಟು. ದೂರದ ರಾಜ್ಯಕ್ಕ ಒಯ್ಯೂದಾದ್ರ ಮೊದಲ ಇಲ್ಲಿನ ನ್ಯಾಯಾಧೀಶರ ಅಪ್ಪಣಿ ತಗೋಬೇಕು. ನೀ ಮುಟ್ಟಲಿಲ್ಲಲ್ಲ, ಆ ಕಾಗದದಾಗ ಹಿಡದ ಹೊತ್ತು ಬರದು ಮನಿಯವರ ಸಾಕ್ಷಿ ಹಾಕಸತಾರ. ಅದು ಯೂಸುಫನ ಕಾಯೂ ಕಾಗದ!"

"ವಕೀಲರು ಪುಕ್ಕಟ ಬರ್ತಾರೇನು?"

"ಬರ್ತಾರ. ಕೋರ್ಟಿನ್ಯಾಗ ಕಾನೂನು ಸೇವಾ ಸಮಿತಿ ಐತಿ."

ಟಿಪ್ಪುಸಾಬ ಇನ್ನೂ ತಲೆ ಕೆರೆಯುತ್ತಿದ್ದ. ಖತೀಜಾಬಿ ಎದ್ದು ನಿಂತಳು. "ನೀವು ಬರ್ತೀರೋ, ನಾವಿಬ್ಬರ ಹೋಗೂಣೋ?"

ಮರುದಿನ ಮೊದಲ ಬಸ್ಸಿಗೆ ಮೂವರೂ ರೋಣಕ್ಕೆ ಹೋದರು. ಸಮಿತಿ ಕೊಟ್ಟ ವಕೀಲರು ಇವರನ್ನು ಕರೆದುಕೊಂಡೇ ಯೂಸುಫನನ್ನು ಇಟ್ಟಿದ್ದ ಠಾಣೆಗೆ ನಡೆದರು. ಕಾಗದದಲ್ಲಿ ಹೊತ್ತಿನ ಜಾಗ ಖಾಲಿ ಇತ್ತು, ಸಾಕ್ಷಿಯ ಜಾಗವೂ ಖಾಲಿ. ದಿಲ್ಲಿಯ ಅಧಿಕಾರಿ, ಹಿಡಿದದ್ದು ಇಂದು ಬೆಳಿಗ್ಗೆ, ರಾತ್ರಿ ರೈಲಿಗೆ ಒಯ್ಯುತ್ತೇವೆ ಎಂದ.

ಟಿಪ್ಪುಸಾಬನಿಗೆ ತಡೆಯಲಾಗಲಿಲ್ಲ. "ಅಲ್ರಿ ಸಾಹೇಬ್ರ! ನಿನ್ನೆ ಅಸರ್ ಬಾಂಗ್ ಆಗತಿತ್ತು. ಆ ಬಾಂಗ್ ಇಡೀ ಊರಿಗೆ ಕೇಳೇತಿ. ಬೇಕಾದ್ರ ಊರನ್ನ ಕರಸ್ರಿ."

ವಕೀಲರು ಬಾಂಗಿನ ಹೊತ್ತು ಕೇಳಿ, ಸಂಜೆ ಐದು ಎಂದು ಬರೆದು ಅರ್ಜಿ ಹಾಕಿದರು. ಅಂದು ಐದು ಬಡಿಯುವ ಮೊದಲೇ ಯೂಸುಫ ನ್ಯಾಯಾಧೀಶರ ಮುಂದಿದ್ದ. ಸಿಮ್ಮಿನ ಅರ್ಜಿಗೆ ಇಂಗ್ಲಿಷ್ ಸಹಿ ಇತ್ತು. ಯೂಸುಫನಿಗೆ ಬರುವುದು ಕನ್ನಡದ ಸಹಿ ಒಂದೇ. ಅವನ ರೇಷನ್ ಕಾರ್ಡಿನ ಝೆರಾಕ್ಸನ್ನು ಯಾರೋ ಬಳಸಿದ್ದರು. ನ್ಯಾಯಾಧೀಶರು ದಿಲ್ಲಿಗೆ ಒಯ್ಯಲು ಅಪ್ಪಣೆ ಕೊಡಲಿಲ್ಲ. ಕರೆದಾಗ ಬಂದು ಉತ್ತರ ಹೇಳಬೇಕೆಂದು ಜಾಮೀನಿನ ಮೇಲೆ ಬಿಟ್ಟರು.

ಜಾಮೀನಿನ ಕಾಗದ ಬಂದಾಗ ಟಿಪ್ಪುಸಾಬ ಅದನ್ನು ಹೊಳೆವ್ವನ ಮುಂದೆ ಹಿಡಿದ. "ಪೂರಾ ಓದವ್ವ. ಇದರಾಗ ದಸ್ತಗೀರ ಇಲ್ಲಲ್ಲ?"

ಓದಿಸಿ ಕೇಳಿದ ಮೇಲೆಯೇ ಸಹಿ ಮಾಡಿದ. ಆಮೇಲೆ ಮೆಲ್ಲಗೆ ಅಂದ: "ನಮ್ಮ ಮಾತಿನಾಗ ದಸ್ತಗೀರ ಅಂದ್ರ ಕೈ ಹಿಡದು ಕಾಯಾಂವ. ನಿನ್ನೆ ನಾ ಆ ಹೆಸರು ಕೇಳಿ ಹೆದರಿದೆ. ಇವತ್ತು ನೀ ಬಂದು ಕೈ ಹಿಡದಿ."

ಓದುತ್ತಿರುವ ಅಣ್ಣತಮ್ಮಂದಿರೆ, ಅಕ್ಕತಂಗಿಯರೆ, ನಿಮ್ಮ ಮನೆಯವರನ್ನು ಯಾರೇ ಹಿಡಿದು ಒಯ್ಯಲಿ, ಊರಿನವರಿರಲಿ ದಿಲ್ಲಿಯವರಿರಲಿ, ಯಾಕೆ ಅಂತ ಕೇಳಿರಿ. ದಸ್ತಗಿರಿ ಪತ್ರ ಓದಿಸಿಕೊಳ್ಳಿರಿ, ಹೊತ್ತು ಬರೆಸಿರಿ, ಆಮೇಲೆ ಸಹಿ ಹಾಕಿರಿ. ಗಡಿಯಾರ ಇರದಿದ್ದರೆ ಬಾಂಗೋ ಬಸ್ಸೋ ನೆನಪಿಡಿರಿ. ತಾವೇ ಬಿಟ್ಟಾರು ಎಂದು ಮನೆಯಲ್ಲಿ ಕೂರಬೇಡಿರಿ. ಕೋರ್ಟಿನ ಬಾಗಿಲು ನಿಮ್ಮ ತಾಲೂಕಿನಲ್ಲೇ ಇದೆ.