ಮೂರನೆಯ ಅಲಗು

ನನ್ನ ತಮ್ಮ ವರ್ಲಿನ್‌ಗೆ ಹೃದಯದ ಕವಾಟ ಬದಲಿಸಿದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿದ್ದರು. ಗಡ್ಡ ಹೆರೆಯುವಾಗ ಗೀರಿದರೂ ಅರ್ಧ ದಿನ ಒಸರುತ್ತಿತ್ತು. ಅಂಥವನು ಆ ನವೆಂಬರಿನಲ್ಲಿ ಬಿಲ್ಲು ಹಿಡಿದು ಜಿಂಕೆ ಹೊಡೆಯಲು ಹೊರಟ. ಬಿಡು ಎಂದರೆ ಬಿಡುವ ಜಾತಿಯಲ್ಲ ನಮ್ಮದು. ವಿಸ್ಕಾನ್ಸಿನ್‌ನಲ್ಲಿ ಹುಟ್ಟಿದ ತಪ್ಪು. ಅವನ ಹೆಂಡತಿ ಜೋಲೀನ್ ನನ್ನ ಟ್ರಕ್ಕಿನ ಕಿಟಕಿಗೆ ಬಂದು ನಿಂತಳು.

"ಆರ್ಲಿಸ್, ಬಾಣ ಬಿಡೋದಷ್ಟೇ ಅವನ ಕೆಲಸ. ಕೊಯ್ಯೋದು, ಬಗೆಯೋದು ಎಲ್ಲ ನೀನೇ. ಮಾತು ಕೊಡು."

ಕೊಟ್ಟೆ.

"ಒಬ್ಬಳು ಸಾಲ್ದು ಅಂತ ಇಬ್ಬರು ನರ್ಸಮ್ಮಂದಿರು ನಂಗೆ," ಎಂದು ವರ್ಲಿನ್ ಗೊಣಗಿದ.

ಬಾಣದ ಮೊನೆಯ ಜಗಳ ವಾರದ ಹಿಂದೆಯೇ ಮುಗಿದಿತ್ತು. ನನ್ನದು ಅಪ್ಪನ ಕಾಲದ್ದು: ಒಂದೇ ತುಂಡು ಉಕ್ಕು, ಎರಡು ಬಾಯಿ, ಎಲುಬಿಗೆ ಬಡಿದರೂ ಜಗ್ಗುವುದಿಲ್ಲ. ಅವನು ತಂದದ್ದು ಮೂರು ತೆಳು ಅಲಗು ಸಿಕ್ಕಿಸುವ ಹೊಸ ಬಗೆಯದು.

"ಇದೇನು ಮೊನೆಯೋ, ಕ್ಷೌರದ ಬ್ಲೇಡೋ? ಪಕ್ಕೆಲುಬಿಗೆ ತಗುಲಿದ್ರೆ ಮುರಿಯುತ್ತೆ," ಅಂದೆ.

"ಗಾಯ ಅಗಲ ಆಗುತ್ತೆ ಅಕ್ಕ. ಜಿಂಕೆ ದೂರ ಓಡಲ್ಲ. ನಂಗೂ ಈಗ ದೂರ ನಡೆಯಕ್ಕಾಗಲ್ಲ."

ಆಗಲಿ ಎಂದೆ. ಆದರೆ ಅಂಗಡಿಯ ಹರಿತ ಮನಸ್ಸಿಗೆ ಬರಲಿಲ್ಲ. ಮೂರನ್ನೂ ಬಿಚ್ಚಿ, ಅಪ್ಪನ ಸಾಣೆಕಲ್ಲಿಗೆ ಮಸೆದು, ಮುಂಗೈ ಕೂದಲು ಸದ್ದಿಲ್ಲದೆ ಉದುರುವಷ್ಟು ಹರಿತ ಮಾಡಿದೆ. ತಗುಲಿದ್ದೇ ಜಿಂಕೆಗೆ ಗೊತ್ತಾಗಬಾರದು. ನಮ್ಮ ಮನೆಯಲ್ಲಿ ಕಲಿಸಿದ್ದು ಅದನ್ನೇ. ಆ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳೇಕೆ.

ಬೆಳಿಗ್ಗೆ ಎಂಟಕ್ಕೆ ಕೊಂಬಿನ ಜಿಂಕೆಯೊಂದು ಅವನ ಅಟ್ಟಣೆಯ ಕೆಳಗೆ ಬಂತು. ಬಾಣ ತಗುಲಿತು. ಅರ್ಧ ಗಂಟೆ ಕಾದು, ಎಲೆಗಳ ಮೇಲಿನ ರಕ್ತದ ಜಾಡು ಹಿಡಿದು ಹೋದೆವು. ನಸುಗೆಂಪು, ನೊರೆ: ಶ್ವಾಸಕೋಶದ್ದು. ಎಂಬತ್ತು ಹೆಜ್ಜೆಗೇ ಸತ್ತು ಬಿದ್ದಿತ್ತು. ದಾರಿಯಲ್ಲಿ ಸಿಕ್ಕಿದ ಬಾಣವನ್ನು ಎತ್ತಿ ನೋಡಿದೆ. ಅಲಗು ಎರಡೇ ಇದ್ದವು.

"ಮೂರನೇದು ಒಳಗಿದೆ. ಹೋಗಿ ಬಂಡಿ ತರ್ತೀನಿ. ನಾನು ಬರೋವರ್ಗೂ ಕೈ ಹಾಕ್ಬೇಡ."

"ಹೊಡೆದೋನೇ ಬಗೀಬೇಕು ಅಂತ ಅಪ್ಪ ಹೇಳ್ತಿದ್ದ."

"ಅಪ್ಪನ ಹೃದಯ ನಿನ್ನ ಹಾಗೆ ತೇಪೆ ಹಾಕಿದ್ದಲ್ಲ. ನೀನು ಅಜ್ಜಿ ಥರ ಕೂತಿರು, ಸಾಕು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನ ಮುಖ ಸಪ್ಪಗಾದದ್ದನ್ನು ಕಂಡೂ ಕಾಣದವಳಂತೆ ಹೊರಟೆ. ನನ್ನ ಚಾಕು ನನ್ನ ಜೇಬಿನಲ್ಲೇ ಇತ್ತು. ಅವನ ಬಳಿಯೂ ಒಂದಿರುತ್ತದೆಂದು ಈ ಮಂಕುತಲೆಗೆ ಹೊಳೆಯಲಿಲ್ಲ.

ಮಕ್ಕಳು ಹಿಮದಲ್ಲಿ ಜಾರುವ ಪ್ಲಾಸ್ಟಿಕ್ ಬಂಡಿಯನ್ನು ಟ್ರಕ್ಕಿನಿಂದ ಎಳೆದುಕೊಂಡು ಮರಳಿದಾಗ ಜಿಂಕೆಯ ಹೊಟ್ಟೆ ಬಗೆದಿತ್ತು. ಕರುಳನ್ನು ಪಕ್ಕಕ್ಕೆ ಅಚ್ಚುಕಟ್ಟಾಗಿ ಹಾಕಿತ್ತು. ವರ್ಲಿನ್ ಇರಲಿಲ್ಲ. ಕೂಗಿದೆ. ಉತ್ತರವಿಲ್ಲ.

ಆಮೇಲೆ ರಕ್ತ ಕಂಡಿತು. ತೊರೆಯ ಕಡೆಗೆ ಹೋಗಿತ್ತು. ಜಿಂಕೆ ಆ ಕಡೆಗೆ ಕಾಲೇ ಇಟ್ಟಿರಲಿಲ್ಲ.

ಐವತ್ತು ವರ್ಷದಿಂದ ರಕ್ತದ ಜಾಡು ಓದಿದವಳು ನಾನು. ಮೊದಲು ಮಾರಿಗೊಂದು ಹನಿ, ನಡಿಗೆ ಚುರುಕಾಗಿದೆ. ಆಮೇಲೆ ಹತ್ತಿರ ಹತ್ತಿರ. ಬರ್ಚ್ ಮರವೊಂದರ ಬಿಳಿ ತೊಗಟೆಯ ಮೇಲೆ ಅಂಗೈ ಗುರುತು. ಇಲ್ಲಿ ನಿಂತು ಸುಧಾರಿಸಿಕೊಂಡಿದ್ದಾನೆ. ಅದರ ಬುಡದಲ್ಲಿ ಮಡುಗಟ್ಟಿತ್ತು. ಗಾಯಗೊಂಡದ್ದರ ಹಿಂದೆ ಓಡಬಾರದು, ಕಾಯಬೇಕು ಎಂದು ಊರಿಗೆಲ್ಲ ಹೇಳಿಕೊಟ್ಟವಳು ಬಂಡಿಯ ಹಗ್ಗ ಹಿಡಿದೇ ಓಡಿದೆ.

ತೊರೆಯ ದಂಡೆಯಲ್ಲಿ ಮರಕ್ಕೆ ಒರಗಿ ಕೂತಿದ್ದ. ಎರಡೂ ತೋಳು ಮೊಣಕೈವರೆಗೆ ಕೆಂಪು. ಯಾವುದು ಜಿಂಕೆಯದು, ಯಾವುದು ಅವನದು ತಿಳಿಯುವಂತಿರಲಿಲ್ಲ. ಎಡ ಮಣಿಕಟ್ಟಿನಲ್ಲಿ ಗಾಯ ಸಿಕ್ಕಿತು. ಮೇಲಕ್ಕೆ ಬೆಲ್ಟು ಬಿಗಿದೆ.

"ಯಾವಾಗ ಕುಯ್ತೋ?"

"ಗೊತ್ತಿಲ್ಲ ಅಕ್ಕ. ಜಿಂಕೇದೇ ರಕ್ತ ಅಂದ್ಕೊಂಡೆ. ತೊಳ್ಕೊಳ್ಳೋಣ ಅಂತ ಬಂದೆ, ನಿಲ್ಲಲೇ ಇಲ್ಲ." ನಕ್ಕ. "ಚೆನ್ನಾಗಿ ಮಸೆದಿದ್ದೀಯ. ಒಂಚೂರೂ ನೋವಾಗ್ಲಿಲ್ಲ."

ಕಾಡಿನಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಜಿಂಕೆಗೆಂದು ತಂದ ಬಂಡಿಯಲ್ಲಿ ತಮ್ಮನನ್ನು ಮಲಗಿಸಿ ಎಳೆದೆ. ದಾರಿಯುದ್ದಕ್ಕೂ ಬೈದೆ, ಅವನು ಹೂಂಗುಟ್ಟಲಿ ಎಂದು. ಅರ್ಧ ದಾರಿಯಲ್ಲಿ ಹೂಂ ನಿಂತಿತು. ನಾನು ತಿರುಗಿ ನೋಡಲಿಲ್ಲ, ಬೈಯುವುದನ್ನೂ ಬಿಡಲಿಲ್ಲ.

ಟ್ರಕ್ಕಿನ ಹತ್ತಿರ ಬಂದಾಗ ಫೋನು ತಾನಾಗಿಯೇ ಹೊಡೆದುಕೊಂಡಿತು. ಜೋಲೀನ್.

"ಸಿಕ್ತಾ ಜಿಂಕೆ? ಬಗೆದೋಳು ನೀನೇ ತಾನೇ?"